ಅಮ್ಮನ ಕ್ರ್ಯಾನ್‌ಬೆರಿ ಮಡಿ

ವೇರ್‌ಹ್ಯಾಮ್,
ಅಕ್ಟೋಬರ್ 19, 1961

ನನ್ನ ಓಲಿಂಡಾ ಅಕ್ಕನಿಗೆ, ತಂಗಿ ಡೊಮಿಂಗಾ ಹೆದರುತ್ತಲೇ ಬರೆಯುವುದು.

ಬಾಸ್ಟನ್ನಿನಲ್ಲಿ ಚಳಿ ಹಿಡಿಯಿತೇ? ಕಿವಿಗೆ ಉಣ್ಣೆ ಕಟ್ಟಿಕೊಳ್ಳುತ್ತೀ ತಾನೆ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಲೆ ನೋಡುವ ನೆಪ ಮಾಡಿ ಎದ್ದುಹೋದೆ. ನೀನು ಹೈಸ್ಕೂಲು ಮುಗಿಸಿದವಳು. ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ಕ್ರ್ಯಾನ್‌ಬೆರಿ ಗದ್ದೆಗೆ ಹಚ್ಚಿದರು. ತಪ್ಪು ಕಂಡರೆ ನಗಬೇಡ.

ಈ ವರ್ಷವಾದರೂ ಹಣ್ಣು ಬಿಟ್ಟಿತೇ, ಮನೆಗೆ ಬರಲೇ ಎಂದು ಕೇಳಿದ್ದೀ.

ನಿನ್ನ ಮದುವೆಯಲ್ಲಿ ಗಂಡಿನ ಕಡೆಯವರೆದುರು ಅಮ್ಮನನ್ನು ಅಡುಗೆಯವಳು ಅಂದೆಯಲ್ಲ, ಅವತ್ತು ಊರಿಗೆ ಮರಳಿದವಳೇ ಅವಳು ತನ್ನ ಕೈ ಚಾಚಿ ತೋರಿಸಿದಳು. ಮೂವತ್ತು ವರ್ಷ ಮಂಡಿಯೂರಿ ಹಣ್ಣು ಬಾಚಿದ ಕೈ, ಬೆರಳ ಗಂಟೆಲ್ಲ ಸೊಟ್ಟ. "ಈ ಕೈ ನೋಡಿ ನಾಚ್ಕೊಂಡ್ಳಲ್ಲ ನಿಮ್ಮಕ್ಕ? ಇದೇ ಕೈಲಿ ಹಿತ್ತಲಲ್ಲಿ ಬಳ್ಳಿ ಊರ್ತೀನಿ. ಹಣ್ಣು ಬಿಟ್ಟ ದಿನ ಬರ್ಲಿ, ಈ ಅಂಗೈಯಿಂದ ಎತ್ಕೊಂಡು ತಿನ್ಲಿ. ಅಲ್ಲೀವರೆಗೂ ಹೊಸಿಲು ಮೆಟ್ಟಬಾರ್ದು" ಅಂದಳು.

ಸುತ್ತ ಹಲಗೆ ಕಟ್ಟಿ, ಗದ್ದೆಯ ಜೌಗು ಮಣ್ಣು ತಂದು ಮಡಿ ತುಂಬಿದಳು. ಮೇಲೆ ಮರಳು ಹಾಸಿ ಬಳ್ಳಿಯ ಗೇಣುದ್ದದ ಕಡ್ಡಿ ಒತ್ತಿದಳು. ಚಳಿಗಾಲ ಬಂದರೆ, ಕರಗಿದಾಗ ಬುಡಕ್ಕಿಳಿಯಲಿ ಎಂದು ಹೆಪ್ಪುಗಟ್ಟಿದ ಮಂಜಿನ ಮೇಲೆ ನನ್ನ ಕೈಲಿ ಮರಳು ಎರಚಿಸುತ್ತಿದ್ದಳು. ಮೂರು ವರ್ಷಕ್ಕೆ ಹಣ್ಣು ಎಂಬುದು ಅವಳ ಲೆಕ್ಕ. ಆರಾಯಿತು.

ಅಮ್ಮ ಹುಟ್ಟಿ ಬೆಳೆದ ದ್ವೀಪದಲ್ಲಿ ಅಜ್ಜಿ ಅವರೆ ಬುಡಕ್ಕೆ ಒಲೆಬೂದಿ ಹಾಕುತ್ತಿದ್ದಳೆಂದು ಅಮ್ಮನೇ ಹೇಳಿದ ನೆನಪು. ಒಳ್ಳೆಯದಾಗಲಿ ಅಂತಲೇ ನಾನೂ ಮಡಿಗೆ ಒಂದು ಬಕೆಟ್ಟು ಸುರಿದೆ, ದೇವರಾಣೆ. ಪಕ್ಕದ ಗದ್ದೆಯ ಅರ್ವೋ ಬೇಲಿ ಮೇಲಿಂದ ಬಗ್ಗಿ ನಕ್ಕ. "ಏನಮ್ಮಾ ಡೊಮಿಂಗಾ, ಬಳ್ಳಿಗೆ ವಿಷ ಹಾಕ್ತಿದ್ದೀಯ? ಇದಕ್ಕೆ ಹುಳಿ ಮಣ್ಣೇ ತಾಯಿಹಾಲು. ಬೂದಿ ಬಿದ್ರೆ ಹುಳಿ ಸತ್ತೋಗುತ್ತೆ, ಎಲೆ ಹಳದಿಯಾಗುತ್ತೆ. ಆಮೇಲೆ ಹಣ್ಣು ಬೇಕಾದ್ರೆ ಅಂಗಡಿಗೆ ಹೋಗು!"

ನಾನೂ ನಕ್ಕೆ. ಮುಂದಿನ ಶನಿವಾರ ಒಲೆ ಬಳಿದಾಗ ಬೂದಿಯನ್ನು ಅಲ್ಲಿಗೇ ಒಯ್ದೆ. ಅದರ ಮುಂದಿನ ಶನಿವಾರವೂ. ಅಮ್ಮನಿಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು.

ನಾನು ಕೆಟ್ಟವಳಲ್ಲ ಅಕ್ಕಾ, ಪುಕ್ಕಲಿ. ಮೀಯಿಸಿದ್ದು ನಾನು, ಅವರೆ ಅನ್ನ ಕಲಸಿ ತಿನ್ನಿಸಿದ್ದು ನಾನು. ಅವಳು ಕರೆದದ್ದು ಮಾತ್ರ ನಿನ್ನ ಹೆಸರು. ಪ್ರತಿ ಜೂನಿನಲ್ಲೂ "ಹೂ ಕಂಡಿತೇನೇ?" ಎನ್ನುವಳು. ಇಲ್ಲ ಅಂದರೆ, "ನಿನ್ ಕೈ ತಾಗಿದ್ರೆ ಕಲ್ಲೂ ಬಾಡುತ್ತೆ ಕಣೇ. ನಮ್ಮ ಓಲಿಂಡಾ ಆಗಿದ್ರೆ ಇಷ್ಟೊತ್ತಿಗೆ ಬುಟ್ಟಿ ತುಂಬಿರೋದು." ಹಣ್ಣು ಬಿಟ್ಟರೆ ನೀನು ಬರುತ್ತೀ. ನೀನು ಬಂದರೆ ಈ ಮನೆಯಲ್ಲಿ ನಾನು ಅಡುಗೆಯವಳು. 

ಮಡಿಯಲ್ಲಿ ಹಣ್ಣಿಲ್ಲ ಅಕ್ಕಾ. ಬರುವ ಆತುರ ಮಾಡಬೇಡ, ದಾರಿಯಲ್ಲಿ ಶೀತವಾದೀತು.

ನಿನ್ನ ತಂಗಿ,
ಡೊಮಿಂಗಾ

ಮರೆತಿದ್ದೆ: ಮಡಿಯಲ್ಲಿ ಇಲ್ಲ ಅಂದದ್ದು ಸುಳ್ಳಲ್ಲ. ಒಂದು ಬಳ್ಳಿ ಹಲಗೆ ದಾಟಿ ಹರಿದು, ಪೈನ್ ಮರದ ಬುಡದಲ್ಲಿ ಬೇರು ಬಿಟ್ಟು ಏಳು ಹಣ್ಣು ಹಿಡಿದಿತ್ತು. ಎರಡು ವಾರದ ಹಿಂದೆ ಕಂಡೆ. ಕಿತ್ತು ಜೇಬಿಗೆ ಹಾಕಿಕೊಂಡು ಅಮ್ಮನಿಗೆ ಗಂಜಿ ಕುಡಿಸಲು ಬಗ್ಗಿದಾಗ ಒಂದು ನೆಲಕ್ಕೆ ಬಿತ್ತು. ಒಳ್ಳೆಯ ಹಣ್ಣು ಪುಟಿಯುತ್ತದೆ, ನಿನಗೂ ಗೊತ್ತಲ್ಲ. ಟಕ್ ಟಕ್ ಎಂದು ಮಂಚದ ಕಾಲಿನವರೆಗೂ ಹೋಯಿತು. ಅಮ್ಮ ತಲೆಯೆತ್ತಿದಳು. "ಹಣ್ಣಲ್ವೇನೇ ಅದು?" "ಅಲ್ಲಮ್ಮಾ, ನನ್ನ ಅಂಗಿ ಗುಂಡಿ." "ಕೊಡಿಲ್ಲಿ" ಎಂದು ಅಂಗೈ ಚಾಚಿದಳು. ಅಂಗಿಯಿಂದ ಗುಂಡಿ ಕಿತ್ತು ಅದರಲ್ಲಿಟ್ಟೆ. ಹೆಬ್ಬೆರಳಿಂದ ಬಹಳ ಹೊತ್ತು ಸವರಿ ಮುಷ್ಟಿ ಮುಚ್ಚಿದಳು.  ಮೂರನೇ ದಿನ ಹೋದಳು. ಮುಷ್ಟಿ ಬಿಡಿಸಲಾಗಲಿಲ್ಲ, ಗುಂಡಿಯ ಸಮೇತ ಮಣ್ಣು ಮಾಡಿದೆವು. ಚರ್ಚಿನಲ್ಲಿ ಎಂಟನೇ ದಿನದ ಪೂಜೆಯೂ ಆಯಿತು.

ಏಳೂ ಹಣ್ಣು ಕಾಗದದ ಜೊತೆಗಿಟ್ಟ ಈ ಬೆಂಕಿಪೊಟ್ಟಣದಲ್ಲಿವೆ. ಖಾಲಿ ಹೊಟ್ಟೆಯಲ್ಲಿ ತಿನ್ನಬೇಡ, ಹುಳಿ ನಿನಗೆ ಆಗುವುದಿಲ್ಲ.