ಖಾಲಿ ಮರಳುವ ವಿಮಾನದಲ್ಲಿ ಒಬ್ಬರಿಗೆ ಜಾಗ

ನೆರವಿನ ವಿಮಾನಗಳನ್ನು ಕಳುಹಿಸುವ ಮಾನ್ಯರೇ,

ರಾತ್ರಿ ಎರಡೂವರೆ. ದಿಂಬಿನ ಕೆಳಗೆ ಮೊಬೈಲು ಗುರುಗುಟ್ಟಿದ ಸದ್ದಿಗೆ ಎದ್ದು, ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬೆಳಿಗ್ಗೆ ನಿಮ್ಮ ವಿಮಾನ ನಮ್ಮ ಹೈದರಾಬಾದಿನ ಔಷಧಿ ತುಂಬಿಕೊಂಡು ಸುಡಾನಿಗೆ ಹೊರಡುತ್ತದೆ. ಇಳಿಸಿ, ಖಾಲಿ ಮರಳುತ್ತದೆ. ಅಲ್ಲಿ ಸಿಕ್ಕಿಕೊಂಡಿರುವ ನನ್ನ ಗಂಡ ನಿಶಾಂತರಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಹಿಂದಿ, ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಇದು ನನಗೆ ಅಳು ಬರುವ ಭಾಷೆ.

ಔಷಧಿ ಕಳಿಸಬೇಡಿ ಎನ್ನುವಷ್ಟು ಕಲ್ಲೆದೆ ನನ್ನದಲ್ಲ. ಅಲ್ಲಿಯ ತಾಯಂದಿರೂ ನಿದ್ದೆಗೆಟ್ಟಿದ್ದಾರೆ. ನಿಶಾಂತ ಅಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ರಿಪೇರಿ ಮಾಡುವವರು. ಯುದ್ಧ ಶುರುವಾಗಿ ನಮ್ಮವರನ್ನು ಕರೆತಂದಾಗ, ಯಂತ್ರ ನಿಂತರೆ ರೋಗಿಗಳು ಬದುಕುವುದಿಲ್ಲವೆಂದು ಅವರು ಅಲ್ಲೇ ಉಳಿದರು. ಈಗ ಕರೆಂಟೂ ಇಲ್ಲ, ಆಸ್ಪತ್ರೆಯೂ ಮುಚ್ಚಿದೆ. ಆಗಲೇ ಏಕೆ ಬರಲಿಲ್ಲ, ಇದು ಅವರ ಸ್ವಂತ ಹೊಣೆಯಲ್ಲವೇ ಎಂದು ನಿಮ್ಮ ಸಹಾಯವಾಣಿ ಕೇಳಿತು. ನಿಜವೇ. ಪರರ ಜೀವ ಉಳಿಸುವುದನ್ನು ಪೆಟ್ಟಿಗೆಯಲ್ಲಿ ತುಂಬಿ, ಫೋಟೋ ತೆಗೆಸಿ ಕಳಿಸಿದರೆ ಮಾನವೀಯ ನೆರವು; ಒಬ್ಬ ಮನುಷ್ಯ ತಾನೇ ನಿಂತು ಮಾಡಿದರೆ ಸ್ವಂತ ಹೊಣೆ. ಸರಕಿನ ವಿಮಾನ, ಸೀಟಿಲ್ಲ ಎಂದೂ ಹೇಳಿದರು. ನಿಶಾಂತ ಈಗ ಮಲಗುವುದು ಗೋದಾಮಿನ ಸಿಮೆಂಟಿನ ಮೇಲೆ. ನಿಮ್ಮ ವಿಮಾನದ ನೆಲ ಅದಕ್ಕಿಂತ ಗಟ್ಟಿಯೇ?

ನಮ್ಮತ್ತೆ ಗೋದಾವರಿಬಾಯಿಗೆ ಈ ನಿಯಮ ತಿಳಿಯುವುದಿಲ್ಲ. ಪಕ್ಕದ ಮನೆಗೆ ಉಂಡಿ ಕೊಟ್ಟರೆ, ಅವರು ಡಬ್ಬಿಗೆ ಚೂರು ಸಕ್ಕರೆಯನ್ನಾದರೂ ಹಾಕಿ ಮರಳಿಸುವ ಓಣಿಯಲ್ಲಿ ಬಾಳಿದವರು. "ಡಬ್ಬಿ ಖಾಲಿ ಹೊಳ್ಳಿ ಕಳಸಬಾರದಂತ ಸಣ್ಣ ಹುಡುಗರಿಗೂ ಗೊತ್ತೈತಿ. ಅಷ್ಟ್ ದೊಡ್ಡ ವಿಮಾನ ಖಾಲಿ ತರತಾರಂತ? ನಮ್ಮ ಹುಡುಗನ್ನ ಕೂಡಿಸ್ಕೊಂಡ್ ಬರ್ರಿ ಅಂತ ಹೇಳವಾ" ಎನ್ನುತ್ತಾರೆ. ಎಂ.ಎಸ್ಸಿ. ಓದಿದ ನನಗೂ ಅದೇ ಸರಿ ಎನಿಸುತ್ತದೆ. ನಿಮಗೆ ಬೇರೆ ಉತ್ತರ ಹೊಳೆದರೆ ಅವರಿಗೇ ಹೇಳಿ.

ಈಗ ಮೊಬೈಲಿಗೆ ಬಂದದ್ದು ನಿಶಾಂತರೇ ಮಾತಾಡಿ ಕಳಿಸಿದ ಸಂದೇಶ: "ಅಮಿತಾ, ನಮ್ಮ ವಿಮಾನ ಬರತೈತಂತ. ಪೆಟಗಿ ಇಳಸಾಕ ನನ್ನೂ ಕರದಾರ. ಪೆಟಗಿ ಮ್ಯಾಲೆ ಹೈದರಾಬಾದ್ ಅಂತ ಬರದಿರತೈತಲ್ಲ, ಅಷ್ಟಾದ್ರೂ ಓದಿ ಬರತೀನಿ." ನಕ್ಕಂತೆ ಮಾಡಿದರು. ಹಿಂದೆ ಏನೋ ಸಿಡಿಯಿತು. ಆಮೇಲೆ ಎಷ್ಟು ಮಾಡಿದರೂ ಫೋನು ಹತ್ತುತ್ತಿಲ್ಲ.

ಮಾನ್ಯರೇ, ಜೀವದಿಂದಿದ್ದರೆ ಅವರು ನಿಮ್ಮ ವಿಮಾನದ ಬಾಗಿಲಲ್ಲೇ ನಿಂತಿರುತ್ತಾರೆ. ಹುಡುಕಬೇಕಿಲ್ಲ. ಕೊನೆಯ ಪೆಟ್ಟಿಗೆ ಇಳಿದ ಮೇಲೆ ಒಳಗೆ ಬಾ ಎಂದರೆ ಸಾಕು. ಅದಕ್ಕೆ ನಿಮ್ಮ ಅಪ್ಪಣೆ ಬೇಕಂತೆ. ನನಗೆ ಉತ್ತರಿಸಬೇಡಿ, ಪೈಲಟ್‌ಗೆ ಹೇಳಿ. ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಮೊಬೈಲಿನಲ್ಲಿ ಹಾಕುತ್ತಿದ್ದೇನೆ; ಓದುವ ಯಾರಿಗಾದರೂ ವಿಮಾನ ಕಳಿಸುವ ಈ ಅಧಿಕಾರಿಯ ಪರಿಚಯವಿದ್ದರೆ ನಿದ್ದೆಯಿಂದಲೇ ಎಬ್ಬಿಸಿ, ಬೈದರೆ ನನ್ನ ಹೆಸರು ಹೇಳಿ. ಬೆಳಗಾಗುವುದರೊಳಗೆ ಫೋನ್ ಮಾಡಿ. ದಯವಿಟ್ಟು ಮಾಡಿ.

ಇಂತಿ,
ಸರಕಿನ ಲೆಕ್ಕಕ್ಕೂ ಸಿಗದವರ ಹೆಂಡತಿ
ಅಮಿತಾ
ಬಾಲಾನಗರ, ಹೈದರಾಬಾದ್