ಬಂದವರು ಹಾಕಿದ ಸಾಲು

ಬೀದರ
೧೩ ನವೆಂಬರ್ ೨೦೨೪

ಪ್ರೀತಿಯ ತಂಗಿ ಆಮ್ರಪಾಲಿಗೆ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ್ದಾರೆಂದು ನಿನ್ನ ಮಗಳು ವಿಶಾಖಾ ಫೋನಿನಲ್ಲಿ ಹೇಳಿದಳು. ಇನ್ನೂ ಮೂರು ವಾರ ಓದಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದೂ ಹೇಳಿದಳು. ಬಗ್ಗದೆ ನೀನು ಹೇಗೆ ದಿನ ಕಳೆಯುತ್ತಿದ್ದೀಯೋ ನನಗೆ ತಿಳಿಯದು. ಹೈದರಾಬಾದಿನಲ್ಲಿ ಈಗ ಚಳಿ ಬಿದ್ದಿದ್ದರೆ ಕಿವಿಗೆ ಬಟ್ಟೆ ಕಟ್ಟಿಕೋ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಮತ್ತು ಈ ಸುದ್ದಿಯನ್ನು ಅರ್ಧ ಕೇಳಿದವರಿಗೆ ಬಿ.ಪಿ. ಏರುತ್ತದೆ. ಅದಕ್ಕೆ ಕಾಗದ. ವಿಶಾಖಾ ಓದುತ್ತಾಳೆ, ನೀನು ಕಣ್ಣು ಮುಚ್ಚಿ ಕೇಳು. ಮೊದಲೇ ಹೇಳಿಬಿಡುತ್ತೇನೆ: ಎಲ್ಲ ಸರಿಹೋಗಿದೆ. ವಿಶಾಖಾ, ಈ ಮಾತನ್ನು ಎರಡು ಸಲ ಓದವ್ವ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಹೋಟೆಲಿನವರ ಕಾಗದಪತ್ರವನ್ನು ನನ್ನ ಕೈಗಿಟ್ಟು, "ಅಣ್ಣಾ, ನೀ ಲೆಕ್ಕದಾಂವ, ಅಂದಾಜು ನೀನೇ ಹಾಕು" ಅಂದಿದ್ದೆ. ಇನ್ನೂರ ನಲವತ್ತು ಕೌದಿ, ಎಲ್ಲ ನೀನು ಬರೆದ ಒಂದೇ ನಮೂನೆ, ಹೊಲಿಯುವವರು ಚಿಂತಾಕಿಯ ನಿನ್ನ ಸಂಘದ ಹದಿನಾಲ್ಕು ಹೆಂಗಸರು. ಇಷ್ಟು ದೊಡ್ಡ ಕೆಲಸ ನಿಮಗೆ ಹಿಂದೆಂದೂ ಬಂದಿರಲಿಲ್ಲ. ಇಪ್ಪತ್ತಾರು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಒಂದು ಚೀಲಕ್ಕೆ ಎಷ್ಟು ಖರ್ಚು ಬಿತ್ತೆಂದು ಪೈಸೆಯವರೆಗೆ ಹೇಳುತ್ತಿದ್ದ ನನಗೆ ಇದು ಒಂದು ಮಧ್ಯಾಹ್ನದ ಕೆಲಸ ಅನ್ನಿಸಿತು. ಅರಿವೆ, ದಾರ, ತೊಳೆಸುವುದು, ಸಾಗಾಟ ಸೇರಿ ಒಂದಕ್ಕೆ ಸಾವಿರದ ನೂರೈವತ್ತು. ಮಾದರಿ ತಯಾರಿಸಿದ ಖರ್ಚನ್ನು ಎಲ್ಲಿ ಹಾಕುವುದೆಂದು ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ನೀವು ಮೂರು ಮಾದರಿ ಹೊಲಿದಿರಿ, ಅವರು ಒಂದನ್ನು ಒಪ್ಪಿದರು. ಕೆಂಪು ಬಣ್ಣ ಬಿಟ್ಟು ಕೆಟ್ಟದ್ದು ಒಂದು, ಅವರ ಮಂಚಕ್ಕೆ ಗಿಡ್ಡವಾದದ್ದು ಒಂದು. ಬೇಡವಾದ ಆ ಎರಡಕ್ಕೂ ಅರಿವೆ ಹತ್ತಿದೆ, ಕೂಲಿ ಹತ್ತಿದೆ. ಅವುಗಳ ಖರ್ಚನ್ನು ಬೇಕಾದವುಗಳೇ ಹೊರಬೇಕು. ಮನುಷ್ಯ ತನ್ನ ಕೆಟ್ಟುಹೋದ ವರ್ಷಗಳಿಗೂ ಹೀಗೆಯೇ ಅಂದಾಜು ಹಾಕಬೇಕೇನೋ ಅಂದುಕೊಂಡೆ. ಹನ್ನೆರಡು ಸಾವಿರವನ್ನು ಇನ್ನೂರ ನಲವತ್ತಕ್ಕೆ ಹಂಚಿದೆ. ಒಂದರ ಮೇಲೆ ಐವತ್ತು ಬಿತ್ತು.

ಉಳಿದದ್ದು ಹೊಲಿಗೆಯ ದಿನಗಳು. ಒಪ್ಪಿಗೆಯಾದ ಮಾದರಿಯನ್ನು ಹೊಲಿದವಳು ಶಾಲುಬಾಯಿ. ಎಷ್ಟು ದಿನ ಹಿಡಿಯಿತೆಂದು ಕೇಳಿದೆ, ಒಂಬತ್ತು ಎಂದಳು. ಆಕೆ ಸುಳ್ಳು ಹೇಳುವವಳಲ್ಲ ಎಂದು ನಿನಗೂ ಗೊತ್ತು. ದಿನಕ್ಕೆ ಮುನ್ನೂರೈವತ್ತರಂತೆ ಕೂಲಿ ಹಿಡಿದೆ, ಮೇಲೆ ಸಂಘಕ್ಕೆ ಒಂದಿಷ್ಟು ಉಳಿಯುವಂತೆ ಇಟ್ಟೆ, ನಾಲ್ಕು ಸಾವಿರದ ಎಂಟುನೂರು ದರ ಬರೆದು ಹೋಟೆಲಿನ ಖರೀದಿ ನೋಡುವ ನಿಖತಳಿಗೆ ಕಳಿಸಿದೆ. ಐದು ತಿಂಗಳಲ್ಲಿ ಮುಗಿಸುತ್ತೇವೆಂದೂ ಬರೆದೆ. ಎರಡನೆಯ ದಿನವೇ ಒಪ್ಪಿಗೆ ಬಂತು. ಅಷ್ಟು ಬೇಗ ಒಪ್ಪಿದ್ದು ನನ್ನ ಜಾಣತನಕ್ಕೆ ಸಿಕ್ಕ ಮೆಚ್ಚುಗೆ ಅಂದುಕೊಂಡು ಅರ್ಧ ಕಿಲೋ ಪೇಢೆ ತೆಗೆದುಕೊಂಡು ಚಿಂತಾಕಿಗೆ ಹೊರಟೆ. ಔರಾದ ದಾಟಿದ ಮೇಲೆ ತೊಗರಿ ಎರಡೂ ಕಡೆ ಹೂವು ಬಿಟ್ಟಿದೆ. ಹೊಲದ ಬದುಗಳು ಬಸ್ಸಿನ ಕಿಟಕಿಯಿಂದ ನಿನ್ನ ನಮೂನೆಯಂತೆಯೇ ಕಂಡವು. ನೀನು ಅದನ್ನು ಬರೆದದ್ದೇ ಆ ಕಿಟಕಿಯಲ್ಲಿ ಕೂತು ಎಂಬುದು ಆಮೇಲೆ ನೆನಪಾಯಿತು.

ಶಾಲುಬಾಯಿಯ ಪಡಸಾಲೆಯಲ್ಲಿ ಎಂಟು ಹತ್ತು ಮಂದಿ ಸೇರಿದ್ದರು. ದರ ಹೇಳಿದೆ, ದಿನ ಹೇಳಿದೆ. ಪೇಢೆ ತಿನ್ನುತ್ತಿದ್ದ ಶಾಲುಬಾಯಿ ತಿನ್ನುವುದು ನಿಲ್ಲಿಸಿ, "ಒಂಬತ್ತು ದಿನಕ್ಕ ಒಂದು ಕೌದಿ ಯಾರು ಹೊಲೀತಾರ್ರಿ ಸಾಹೇಬ್ರ?" ಅಂದಳು. "ನೀನೇ" ಅಂದೆ ನಾನು. "ನಂದು ಒಂಬತ್ತು ದಿನ ಹೌದ್ರಿ. ಬಂದವ್ರು ಹಾಕಿದ ಸಾಲು ಬ್ಯಾರೆ ಅಲ್ಲೇನ್ರಿ?" ನನಗೆ ಅರ್ಥವಾಗಲಿಲ್ಲ. ಆಕೆಗೆ ನನ್ನ ಮೇಲೆ ಕನಿಕರ ಬಂತು. "ಮನಿಗಿ ಬಂದಾಕಿ ಸುಮ್ಮ ಕುಂತು ಹೋಗ್ತಾಳೇನ್ರಿ? ಸೂಜಿ ತಗೊಂಡು ಎರಡು ಸಾಲು ಹಾಕ್ತಾಳ, ಚಹಾ ಕುಡೀತಾಳ, ಹೋಗ್ತಾಳ. ಅದಕ್ಕೂ ಗಡಿಯಾರ ಹಚ್ಚಬೇಕೇನ್ರಿ?" ಹಿಂದಿನಿಂದ ಯಾರೋ, "ಹಚ್ಚಿದ್ರ ಚಹಾದ ರೊಕ್ಕ ಕಡ್ಕೋತಾರ ನೋಡು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ.

ಮಾದರಿ ನನ್ನ ಚೀಲದಲ್ಲೇ ಇತ್ತು. ನೆಲಕ್ಕೆ ಹಾಸಿದರು. ಬೇರೆಯವರು ಹಾಕಿದ ಸಾಲಿನ ಮೇಲೆ ಒಂದೊಂದು ತೊಗರಿ ಕಾಳು ಇಡಿ ಅಂದೆ. ಒಬ್ಬೊಬ್ಬರೂ ಬಗ್ಗಿ, ಬೆರಳಾಡಿಸಿ, ತಮ್ಮ ಹೊಲಿಗೆಯನ್ನು ಗುರುತು ಹಿಡಿದರು. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಅವರಿಗೆ ಅದು ಬೇರೆ ಬೇರೆ ಕೈಬರಹ. "ಈ ದಪ್ಪ ದಪ್ಪ ಹೊಲಿಗಿ ಅಂಜನಾಬಾಯಿದು. ಸೊಸಿ ಮ್ಯಾಲ ಸಿಟ್ಟಾಗಿ ಬಂದು ಎರಡು ದಿನ ಇಲ್ಲೇ ಕುಂತಿದ್ಲು." "ಸಿಟ್ಟು ಅಲ್ಲವ್ವ, ಮನ್ಯಾಗ ಸೆಕಿ ಇತ್ತು." "ನಿಮ್ಮನಿ ಸೆಕಿ ನಮಗ ಗೊತ್ತಿಲ್ಲೇನು?" ಅಂಜನಾಬಾಯಿ ಅಲ್ಲೇ ಕೂತು ತನ್ನ ಸಿಟ್ಟಿನ ಮೇಲೆ ತಾನೇ ಕಾಳು ಇಡುತ್ತಿದ್ದಳು. ಮುಗಿಯುವ ಹೊತ್ತಿಗೆ ಕೌದಿಯ ಮೂರನೆಯ ಒಂದು ಪಾಲು ಕಾಳಿನಿಂದ ಮುಚ್ಚಿತ್ತು. ಲೆಕ್ಕ ಹಾಕಿದರೆ ಒಂಬತ್ತಲ್ಲ, ಹದಿನಾಲ್ಕು ದಿನದ ಕೆಲಸ. ನೀನಿದ್ದಿದ್ದರೆ ಮೊದಲೇ ಕೇಳುತ್ತಿದ್ದೆ, ಯಾರ್ಯಾರು ಬಂದಿದ್ದರೆಂದು. ಇಲ್ಲಿಯವರೆಗೆ ಈ ಪ್ರಶ್ನೆ ಬಂದಿರಲಿಲ್ಲ, ನೀವು ಮಾಡಿ ಮಾರಿದ್ದು ಚೀಲ, ದಿಂಬಿನ ಗವಸು. ಒಮ್ಮೆ ಕೂತಲ್ಲೇ ಮುಗಿಯುವ ಕೆಲಸದಲ್ಲಿ ಬಂದವರು ಕೈ ಹಾಕುವ ಹೊತ್ತಿಗೆ ಹೊಲಿಗೆಯೇ ಮುಗಿದಿರುತ್ತದೆ.

ಹದಿನಾಲ್ಕು ಮಂದಿಯೂ ತಮ್ಮ ತಮ್ಮ ಮನೆಯಲ್ಲಿ ಹೋಟೆಲಿನ ಕೌದಿ ಹಾಸಿಕೊಂಡು ಕೂತಾಗ ಯಾರ ಮನೆಗೆ ಯಾರು ಹೋಗುತ್ತಾರೆ? ಇದನ್ನು ನಾನು ಬಸ್ಸಿನಲ್ಲಿ ಹಿಂದಿರುಗುವಾಗ ಯೋಚಿಸಿದೆ. ಬಂದುಹೋಗುವವರು ಇರುವ ತನಕ ಆ ಐದು ದಿನಗಳು ಎಲ್ಲಿಂದಲೋ ಬರುತ್ತಿದ್ದವು, ಯಾರ ಗಮನಕ್ಕೂ ಬಾರದೆ. ಎಲ್ಲರಿಗೂ ಕೂಲಿ ಕೊಟ್ಟು ಕೂರಿಸಿದರೆ ಅವು ಬರುವುದಿಲ್ಲ. ನಾನು ಒಪ್ಪಿಸಿದ್ದ ದರದಲ್ಲಿ ಪ್ರತಿ ಕೌದಿಗೂ ಐದು ದಿನದ ಕೂಲಿ ಬಿಟ್ಟುಹೋಗಿತ್ತು. ಇನ್ನೂರ ನಲವತ್ತಕ್ಕೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಒಬ್ಬೊಬ್ಬ ಹೆಂಗಸಿನ ಕೈಯಿಂದ ನಾನು ಮೂವತ್ತು ಸಾವಿರ ಕಿತ್ತುಕೊಂಡಂತೆ, ಅದೂ ಪೇಢೆ ಹಂಚಿ. ಐದು ತಿಂಗಳಿಗೆಂದ ಕೆಲಸವಂತೂ ಎಂಟು ತಿಂಗಳಿಲ್ಲದೆ ಮುಗಿಯುವಂಥದ್ದಲ್ಲ. ಬೀದರದಲ್ಲಿ ಇಳಿದು ಮನೆಯವರೆಗೆ ನಡೆದೇ ಬಂದೆ. ನಿನಗೆ ಫೋನು ಮಾಡಲಿಲ್ಲ. ಮರುದಿನ ನಿನ್ನ ಆಪರೇಷನ್ ಇತ್ತು.

ಎರಡು ದಿನ ಬಿಟ್ಟು ನಿಖತ ರೈಲಿನಲ್ಲಿ ಭಾಲ್ಕಿಗೆ ಬರುವವಳಿದ್ದಳು, ತನ್ವೀರನ ಬಟ್ಟೆ ಅಂಗಡಿಯಲ್ಲಿ ಅರಿವೆಯ ಬಣ್ಣ ಗೊತ್ತು ಮಾಡಲು. ನಾನೂ ಅಲ್ಲಿಗೆ ಹೋದೆ. ತನ್ವೀರ ಥಾನು ಬಿಚ್ಚಿ ಬಿಚ್ಚಿ ಹಾಕುತ್ತಿದ್ದ. ಆಕೆ ಒಂದು ನೀಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಅಲ್ಲಿ ಬರಲಿಲ್ಲ. "ನಾನು ಕೊಟ್ಟ ಅಂದಾಜು ತಪ್ಪು" ಎಂದಷ್ಟೇ ಅಂದೆ. ತನ್ವೀರನ ಗಜದ ಕೋಲು ಅಲ್ಲೇ ನಿಂತಿತು. ಬಂದವರ ಸಾಲು, ತೊಗರಿ ಕಾಳು, ಅಂಜನಾಬಾಯಿಯ ಸೊಸೆ, ಎಲ್ಲವನ್ನೂ ಹೇಳಿದೆ. ಆಕೆ ಕೈಯಲ್ಲಿದ್ದ ಅರಿವೆಯನ್ನು ಮಡಚಿ ಕೆಳಗಿಟ್ಟು, "ನಮ್ಮ ನಾನಿ ಇಲ್ಲೇ ಬಗದಲ್ ಊರಾಕಿ. ರಜಾಯಿ ಹೊಲೀತಿದ್ಲು" ಅಂದಳು. "ಒಂಬತ್ತು ದಿನ ನೋಡಿ ನನಗೂ ಶಕ್ ಬಂತು ಭಾಯಿ. ಆದ್ರ ನೀವು ಲೆಕ್ಕದವ್ರು, ಅಷ್ಟು ಪಕ್ಕಾ ಬರದಿದ್ರಿ, ನಾ ಯಾಕ ಕೇಳ್ಲಿ ಅಂತ ಸುಮ್ಮ ಕುಂತೆ." ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಆಕೆಯ ಜಾಗದಲ್ಲಿದ್ದರೆ ಕಾರ್ಖಾನೆಯಲ್ಲಿ ನಾನೂ ಸುಮ್ಮನೇ ಕೂರುತ್ತಿದ್ದೆ, ಕೂತಿದ್ದೇನೆ ಕೂಡ.

ನಿಖತ ಫೋನು ಹಿಡಿದು ರಸ್ತೆಗಿಳಿದಳು. ಇಪ್ಪತ್ತು ನಿಮಿಷ. ಕಬ್ಬಿನ ಟ್ರ್ಯಾಕ್ಟರುಗಳ ಸದ್ದಿನಲ್ಲಿ ಆಕೆಯ ಮಾತು ಕೇಳಿಸಲಿಲ್ಲ, ಕೈ ಆಡಿಸುವುದು ಮಾತ್ರ ಕಾಣುತ್ತಿತ್ತು. ತನ್ವೀರ ಚಹಾ ತರಿಸಿದ, ಕುಡಿಯಲು ಆಗಲಿಲ್ಲ. ಒಳಗೆ ಬಂದವಳು ನಿಂತೇ ಹೇಳಿದಳು: "ಒಟ್ಟು ಪೈಸಾ ಒಂದು ರೂಪಾಯಿನೂ ಹೆಚ್ಚಾಗಂಗಿಲ್ಲ ಭಾಯಿ. ಕೌದಿ ಹಾಸೋ ಕೋಣಿ ಕಮ್ಮಿ ಮಾಡ್ತಾರಂತ. ಹೊಸ ಕಟ್ಟಡಕ್ಕಷ್ಟೇ ಸಾಕು. ಒಂದು ತಿಂಗಳು ಜಾಸ್ತಿ ಕೊಡ್ತಾರ." ನೂರಾ ಎಪ್ಪತ್ತು ಕೌದಿ, ಒಂದಕ್ಕೆ ಆರು ಸಾವಿರದ ಆರುನೂರು, ಆರು ತಿಂಗಳು. ಅಂಗಡಿಯ ರಟ್ಟಿನ ಮೇಲೆ ಮೂರು ಸಲ ಕೂಡಿಸಿದೆ. ಪ್ರತಿ ದಿನಕ್ಕೂ ಪೂರಾ ಕೂಲಿ ಬೀಳುತ್ತದೆ. ಆಮೇಲೆ ಚಹಾ ಕುಡಿದೆ. ಆರಿತ್ತು, ಆದರೂ ಇನ್ನೊಂದು ಬೇಕೆನಿಸಿ ಕೇಳಿ ಕುಡಿದೆ.

ನಿನ್ನೆ ಚಿಂತಾಕಿಗೆ ಹೋಗಿ ಹೇಳಿ ಬಂದೆ. ಎಪ್ಪತ್ತು ಕಡಿಮೆಯಾದವೆಂದು ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕಿತ್ತು. ಶಾಲುಬಾಯಿ, "ಎಪ್ಪತ್ತು ಕೌದಿ ಪುಕ್ಕಟ ಹೊಲಿಯೋದು ತಪ್ಪಿತಲ್ರಿ, ಅದಕ್ಕೂ ಅಳಬೇಕೇನ್ರಿ?" ಅಂದಳು. ಅವರೇ ಕೂತು ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಹೋಟೆಲಿನ ಕೌದಿಗೆ ಬೇರೆಯವರು ಸೂಜಿ ಹಚ್ಚುವಂತಿಲ್ಲ. ಆದರೆ ಬಂದವರನ್ನು ಬರಿಗೈಲಿ ಕೂರಿಸುವುದು ಹೇಗೆ? ಅದಕ್ಕೆ ಪ್ರತಿ ಮನೆಯಲ್ಲೂ ಹಳೆ ಸೀರೆಗಳ ಇನ್ನೊಂದು ಕೌದಿ ಹಾಸಿಟ್ಟಿರುತ್ತಾರಂತೆ, ಬಂದವರಿಗೆಂದೇ. ಯಾವಾಗ ಮುಗಿಯುತ್ತದೋ ಆಗ ಮುಗಿಯಲಿ, ಅದಕ್ಕೆ ದರವಿಲ್ಲ. ನನ್ನನ್ನೂ ಕೂರಿಸಿ ಸೂಜಿ ಕೊಟ್ಟರು. ಅರ್ಧ ಸಾಲು ಹಾಕಿದೆ. ಅಂಜನಾಬಾಯಿ ನೋಡಿ, "ಇದನ್ನ ಬಿಚ್ಚೋ ಕೂಲಿ ಯಾರು ಕೊಡ್ತಾರ್ರಿ?" ಅಂದಳು. ರಾತ್ರಿ, ಬಹಳ ದಿನಗಳ ಮೇಲೆ, ಹಗುರಾಗಿ ನಿದ್ದೆ ಬಂತು.

ಔಷಧಿಯ ಹನಿ ತಪ್ಪಿಸಬೇಡ. ವಿಶಾಖಾಗೂ ಅವಳ ಮನೆಯವರಿಗೂ ನನ್ನ ಜೈ ಭೀಮ್ ತಿಳಿಸು. ಚಿಂತಾಕಿಯವರೆಲ್ಲ ನಿನ್ನನ್ನು ಕೇಳಿದರು. ಬೇಗ ಗುಣವಾಗಲಿ, ಆದರೆ ಬೇಗ ಬರಬೇಡ.

ನಿನ್ನ ಅಣ್ಣ
ನಾಗಸೇನ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು, ಅಂಚೆಗೆ ಹೊತ್ತಾಗುತ್ತಿದೆ. ಹೊಸ ಅಂದಾಜುಪಟ್ಟಿಯನ್ನು ಜೊತೆಗೆ ಇಟ್ಟಿದ್ದೇನೆ. ಅದರಲ್ಲಿ "ನಮೂನೆ ಬರೆದವರು" ಎಂಬ ಸಾಲಿನಲ್ಲಿ ನಿನ್ನ ಹೆಸರು, ಎದುರಿಗೆ ಇಪ್ಪತ್ತೈದು ಸಾವಿರ. ನಿನ್ನ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಎಂಟು ವರ್ಷ ಆ ಸಾಲಿನಲ್ಲಿ ಸೊನ್ನೆ ಬರೆದಿದ್ದೀಯ, ಮೊದಲ ಸಲ ನಾನೂ ಅದನ್ನೇ ನಕಲು ಮಾಡಿದ್ದೆ. ಯಾರ ಕೂಲಿಯಿಂದಲೂ ಕಿತ್ತದ್ದಲ್ಲ, ಹೋಟೆಲಿನವರ ಮೊದಲಿನ ಮೊತ್ತದೊಳಗೇ ಕೂತಿದೆ. ನಿಖತ ಚಕಾರ ಎತ್ತದೆ ಒಪ್ಪಿದ್ದಾಳೆ, ಸೊನ್ನೆ ಇದ್ದರೇ ಅವರ ಆಫೀಸಿನವರು ನಮೂನೆ ಎಲ್ಲಿಂದಲೋ ನಕಲು ಹೊಡೆದದ್ದೆಂದು ಸಂಶಯಪಡುತ್ತಾರಂತೆ. ಆದರೆ ನಿನ್ನ ಸಹಿ ಬೇಕು. ಎಲ್ಲಿ ಮಾಡಬೇಕೆಂದು ವಿಶಾಖಾ ಬೆರಳಿಟ್ಟು ತೋರಿಸುತ್ತಾಳೆ, ಸೊಟ್ಟಗಾದರೂ ನಡೆಯುತ್ತದೆ. ಶನಿವಾರದೊಳಗೆ ಕಳಿಸು. ಹೊಡೆದುಹಾಕಿ ಮತ್ತೆ ಸೊನ್ನೆ ಬರೆಯುತ್ತೀ ಎಂದು ನನಗೆ ಗೊತ್ತು, ಅದಕ್ಕೇ ನಾಲ್ಕು ಪ್ರತಿ ಇಟ್ಟಿದ್ದೇನೆ.