ಇವರು ಬಿಟ್ಟ ಅರ್ಧ ಲೋಟ

14 ನವೆಂಬರ್ 1999, ಭಾನುವಾರ, ಚಳ್ಳಕೆರೆ

ಆ ಕಹಿ ಇನ್ನೂ ನಾಲಿಗೆಯ ಮೇಲಿದೆ. ಅದು ಬೇಡವಾಗಿತ್ತೋ ಬೇಕಾಗಿತ್ತೋ ತಿಳಿಯುತ್ತಿಲ್ಲ.

ಮಧ್ಯಾಹ್ನ ಬೆಂಗಳೂರಿನಲ್ಲಿ ತಮ್ಮ ಶಶಿಕಾಂತ ನಮ್ಮಿಬ್ಬರನ್ನೂ ಒಂದು ಜರ್ಮನ್ ಹೋಟೆಲಿಗೆ ಕರೆದೊಯ್ದ. ಮರದ ಉದ್ದ ಬೆಂಚು, ಹಿಡಿಯಿರುವ ದಪ್ಪ ಗಾಜಿನ ಲೋಟ. ನನಗೆ ಆಲೂಗಡ್ಡೆ ರೊಟ್ಟಿ ತರಿಸಿದ, ಇವರಿಗೆ ಬಿಯರ್. ಇವರು ಮುಖ ಹಿಂಡಿ ಅರ್ಧಕ್ಕೇ ಬಿಟ್ಟರು.

ಮುಂದಿಟ್ಟದ್ದೆಲ್ಲ ಪ್ರಸಾದ, ಚೆಲ್ಲಬಾರದು ಎಂದು ಅವ್ವ ಕಲಿಸಿದ್ದು. ಇವರು ಬಿಟ್ಟ ಮಜ್ಜಿಗೆಯನ್ನು ಇಪ್ಪತ್ತೈದು ವರ್ಷದಿಂದ ನಾನೇ ಮುಗಿಸುತ್ತಿದ್ದೇನೆ. ಮಾತಾಡುತ್ತಲೇ ಆ ಲೋಟವನ್ನೂ ಎತ್ತಿ ಬರಿದು ಮಾಡಿದೆ.

"ಭಾವ, ನೋಡ್ರಿ! ಅಕ್ಕ ನಿಮ್ಮನ್ನೇ ಮೀರಿಸಿದ್ಲು," ಎಂದು ಶಶಿ ಬಿದ್ದು ಬಿದ್ದು ನಕ್ಕ.

ಮೊದಲ ಗುಟುಕು ಅಭ್ಯಾಸ, ಒಪ್ಪುತ್ತೇನೆ. ಉಳಿದವು? ಕಹಿಯೆಂದು ಗೊತ್ತಾದ ಮೇಲೂ ಲೋಟ ಕೆಳಗಿಡಲಿಲ್ಲವಲ್ಲ.

ರಾತ್ರಿ ಊರಿಗೆ ಮರಳಿ ಮನೆಗೆ ಬಂದಾಗ ಅತ್ತೆ, "ಏನ್ ಉಂಡ್ರಮ್ಮ ಅಲ್ಲಿ?" ಎಂದರು.

"ಆಲೂಗಡ್ಡೆ ರೊಟ್ಟಿ ಅತ್ತೆ," ಎಂದೆ. ಇವರು ಚಪ್ಪಲಿ ಬಿಟ್ಟು ಒಳಗೆ ನಡೆದರು. ಬೆಳಿಗ್ಗೆ ಲಿಂಗಪೂಜೆಗೆ ಯಾವ ಮುಖ ಹೊತ್ತು ಕೂರಲಿ?

ಮಲಗುವ ಮುಂಚೆ ಇವರೇ ಹೇಳಿದರು: "ಹೋಗ್ಲಿ ಬಿಡೇ. ಇನ್ನೊಂದ್ಸಲ ಶಶಿ ಕರೆದ್ರೆ ನಾನೇ ಪೂರ್ತಿ ಕುಡೀತೀನಿ, ಏನೂ ಉಳ್ಸಲ್ಲ."

ಸಮಾಧಾನವಾಗಬೇಕಿತ್ತು. ಒಂದು ಗುಟುಕಾದರೂ ಉಳಿಸಲಿ ಎಂದು ಒಳಗೇ ಅಂದುಕೊಂಡೆನಲ್ಲ, ಅದು ಮಾತ್ರ...